ನಾಲ್ಕು ಗಂಟೆಗೊಮ್ಮೆ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯನಿಗೆ ಕುರಿ ನೋಡಿಕೊಳ್ಳುವ ಕೆಲಸ ಬಂದದ್ದು ಅಕ್ಕನ ಕಾಲು ಮುರಿದದ್ದರಿಂದ. ಕೆಲಸದಿಂದ ನಿವೃತ್ತನಾಗಿ ನಾಲ್ಕು ವರ್ಷವಾಗಿದ್ದರೂ ಜನ ಅವನನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಅಕ್ಕ ಮೇವಿನ ಅಟ್ಟದಿಂದ ಇಳಿಯುವಾಗ ಏಣಿ ಜಾರಿ ಬಿದ್ದು, ತೊಡೆಯ ಮೂಳೆಗೆ ರಾಡು ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಗುಡ್ಡದ ಮೇಲಿನ ಅವಳ ಕೊಟ್ಟಿಗೆಯಲ್ಲಿ ಮೂವತ್ತೆಂಟು ಗಬ್ಬದ ಕುರಿಗಳು. ಈಯುವುದಕ್ಕೆ ವಾರವೂ ಉಳಿದಿರಲಿಲ್ಲ.

"ಬರ್ಕೋ," ಎಂದಳು ಅಕ್ಕ, ಹಾಸಿಗೆಯಿಂದಲೇ. "ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ಆಮೇಲೆ ನಡುರಾತ್ರಿ ಒಂದ್ಸಲ ಎದ್ದು ನೋಡು. ನಾಲ್ಕು ಗಂಟೆಗೊಮ್ಮೆ, ಸಾಕು. ನೀರಿನ ಚೀಲ ಕಾಣಿಸಿಕೊಂಡ್ರೆ ಮಾತ್ರ ಅರ್ಧ ಗಂಟೆಗೊಮ್ಮೆ, ಅದೂ ಬಾಗಿಲಿಂದಲೇ ಇಣುಕು. ಒಂದು ಗಂಟೆ ತಿಣುಕಿದ್ರೂ ಮರಿ ಬರಲಿಲ್ಲ ಅಂದ್ರೆ ನನಗೆ ಫೋನ್ ಮಾಡು."

"ಇನ್ನೂ ಹೆಚ್ಚು ಸಲ ನೋಡಿದ್ರೆ ಒಳ್ಳೇದಲ್ವಾ ಅಕ್ಕಾ?"

"ಅಲ್ಲ ಕಣೋ. ನಿನ್ನ ಮುಖ ನೋಡ್ಕೊಂಡು ಅವು ಈಯೋಕಾಗುತ್ತಾ? ಸುಮ್ನೆ ಬಿಡು."

ಅವನು ಟಿಕೆಟ್ ಪುಸ್ತಕದಂಥ ಸಣ್ಣ ಡೈರಿಯಲ್ಲಿ ಎಲ್ಲ ಬರೆದುಕೊಂಡ. ಬರೆದುಕೊಂಡದ್ದನ್ನು ಮೊದಲ ದಿನವೇ ಗಾಳಿಗೆ ತೂರಿದ.

ತಪ್ಪು ಅವನೊಬ್ಬನದೇ ಅಲ್ಲ, ಗುಡ್ಡದ ಮೇಲಿನ ಅಕ್ಕನ ಮನೆಯದೂ ಇತ್ತು. ಅಡುಗೆಮನೆ, ಒಂದು ಕೋಣೆ, ಕಿಟಕಿಯಾಚೆ ಬೋಳು ಗುಡ್ಡ. ಹತ್ತಿರದ ಮನೆಗೆ ನಡೆದರೆ ಮುಕ್ಕಾಲು ಗಂಟೆ. ಜೀವಮಾನವಿಡೀ ಜನರ ಮೊಣಕೈಗಳ ನಡುವೆ ನುಸುಳಿ, ಚಿಲ್ಲರೆಗಾಗಿ ಜಗಳವಾಡಿ ಬದುಕಿದವನು ಅವನು. ಹೆಂಡತಿ ತೀರಿಕೊಂಡ ಮೇಲೂ ಪಟ್ಟಣದ ಬಾಡಿಗೆ ಕೋಣೆಯ ಕೆಳಗೆ ರಸ್ತೆಯಾದರೂ ಇತ್ತು. ಹಾರ್ನು ಕೇಳಿದರೆ ಜೊತೆಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಇಲ್ಲಿ ಕುರ್ಚಿ ಎಳೆದರೂ ತಾನೇ ಬೆಚ್ಚಿಬೀಳುವಂಥ ನಿಶ್ಶಬ್ದ.

ಕೊಟ್ಟಿಗೆಯಲ್ಲಿ ಮಾತ್ರ ಹಾಗಿರಲಿಲ್ಲ. ಮೂವತ್ತೆಂಟು ಹೊಟ್ಟೆಗಳು ಬೆಚ್ಚಗೆ ಉಸಿರಾಡುತ್ತಿದ್ದವು. ಮೆಲುಕಿನ ಸದ್ದು, ಗೊರಸಿನ ಸದ್ದು, ಒಂದು ಕೆಮ್ಮು, ಇನ್ನೊಂದರ ಗೊಣಗಾಟ. ಬಾಗಿಲು ತೆರೆದಾಗ ಎಲ್ಲವೂ ಒಟ್ಟಿಗೆ ತಲೆಯೆತ್ತಿ ಅವನನ್ನು ನೋಡುತ್ತಿದ್ದವು. "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಖಾಲಿ ಇದೆ," ಎಂದು ಅವನು ಹೇಳಿದರೆ ನಿಜವಾಗಿಯೂ ಸರಿದು ದಾರಿ ಬಿಡುತ್ತಿದ್ದವು. ಪ್ರಯಾಣಿಕರು ಒಂದು ದಿನವೂ ಅಷ್ಟು ಸುಲಭವಾಗಿ ಮಾತು ಕೇಳಿದವರಲ್ಲ. ಮೊದಲ ದಿನ ಹನ್ನೆರಡು ಸಲ ಹೋದ. ಮರುದಿನ ಎಣಿಸುವುದನ್ನು ಬಿಟ್ಟ. ಮೂರನೆಯ ದಿನ ಮಡಿಸುವ ಕುರ್ಚಿಯನ್ನೇ ಒಳಗೆ ಒಯ್ದು ಹಾಕಿಕೊಂಡ.

ಸಂಜೆ ಅಕ್ಕನ ಫೋನ್ ಬರುತ್ತಿತ್ತು.

"ಎಷ್ಟು ಈದವು?"

"ಐದು. ಎಲ್ಲಾ ಚೆನ್ನಾಗಿವೆ. ಒಂದು ಅವಳಿ."

"ನಾನು ಹೇಳಿದ ಹೊತ್ತಿಗೆ ಮಾತ್ರ ಹೋಗ್ತಿದ್ದೀಯ ತಾನೆ?"

"ಹೌದಕ್ಕಾ."

ಆ ಐದು ಹಳೆಯ ಕುರಿಗಳು. ನಾಲ್ಕಾರು ಸಲ ಈದು ಪಳಗಿದವು. ಇವನು ಕುಳಿತಿದ್ದರೂ ಎದ್ದಿದ್ದರೂ ಅವುಗಳಿಗೆ ಲೆಕ್ಕಕ್ಕಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಚೊಚ್ಚಲ ಕುರಿ, ಎಡಗಿವಿ ಕಪ್ಪಗಿದ್ದದ್ದು, ಮಂದೆ ಬಿಟ್ಟು ಮೂಲೆ ಸೇರಿತು. ಮುಂಗಾಲಿನಿಂದ ಹುಲ್ಲು ಕೆದಕಿ ಮಲಗಿತು. ಅವನು ಕುರ್ಚಿಯನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದ. ಕುರಿ ಎದ್ದು ಇನ್ನೊಂದು ಮೂಲೆಗೆ ಹೋಯಿತು. ಅವನಿಗೆ ಅಯ್ಯೋ ಪಾಪ ಅನ್ನಿಸಿ ಧೈರ್ಯ ಹೇಳಲು ಅಲ್ಲಿಗೂ ಹೋದ. ಅದು ಮತ್ತೆ ಎದ್ದಿತು. ಹೀಗೆ ಎರಡು ಗಂಟೆ ಅವರಿಬ್ಬರೂ ಕೊಟ್ಟಿಗೆ ಸುತ್ತಿದರು. ಕೊನೆಗೆ ಅದು ನಿಂತಲ್ಲೇ ಈದಿತು. ಮರಿ ಹುಲ್ಲಿನ ಮೇಲೆ ಪಚಕ್ಕೆಂದು ಬಿದ್ದು ತಲೆ ಕೊಡವಿತು.

ಕಂಡಕ್ಟರನಿಗೆ ಕಣ್ಣು ತುಂಬಿ ಬಂತು. ಹೆಗಲ ಮೇಲಿನ ಟವೆಲ್ ತೆಗೆದು ಮರಿಯ ಮೂಗು, ಬೆನ್ನು, ಹೊಟ್ಟೆ ಎಲ್ಲ ಒರೆಸಿ ಒಣಗಿಸಿ, ಎದೆಗಪ್ಪಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ತಾಯಿಯ ಮುಂದೆ ಇಳಿಸಿದ.

ತಾಯಿ ಮೂಸಿತು. ಮೂಸಿ, ತಲೆ ತಗ್ಗಿಸಿ ಮರಿಯನ್ನು ಗುಮ್ಮಿತು. ಮರಿ ಎದ್ದು ಮತ್ತೆ ಬಂತು. ಮತ್ತೆ ಗುಮ್ಮಿತು, ಈ ಸಲ ಗೋಡೆಗೆ ಬಡಿಯುವಂತೆ.

ಅವನು ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಮರಿನ ಒರೆಸಿದ್ದು ಯಾರು?"

"ನಾನೇ."

"ಅದು ನೆಕ್ಕಬೇಕಾಗಿತ್ತು ಕಣೋ. ನೆಕ್ಕಿದ್ರೇ ಅದಕ್ಕೆ ತನ್ನ ಮರಿ ಅಂತ ಗೊತ್ತಾಗೋದು. ಈಗ ಅದರ ಮೈಯೆಲ್ಲಾ ನಿನ್ನ ವಾಸನೆ. ನಿಜ ಹೇಳು. ದಿನಕ್ಕೆ ಎಷ್ಟು ಸಲ ಹೋಗ್ತಿದ್ದೀಯ?"

"ಅಲ್ಲೇ ಇರ್ತೀನಿ ಅಕ್ಕಾ. ಮನೆಯೊಳಗೆ ಕೂತ್ರೆ ಕಿವಿ ಗುಂಯ್ ಅನ್ನುತ್ತೆ."

ಆ ಕಡೆಯಿಂದ ವಾರ್ಡಿನ ಟ್ರಾಲಿಯ ಸದ್ದು ಕೇಳಿಸಿತು. ಬೈಯುತ್ತಾಳೆ ಅಂದುಕೊಂಡ. ಅಕ್ಕ ಬೈಯಲಿಲ್ಲ. "ಆ ಮನೆ ಹಾಗೇನೇ," ಎಂದಳಷ್ಟೇ. ಆಮೇಲೆ ಮಾಡಬೇಕಾದ್ದನ್ನು ಹೇಳಿದಳು: ಬಿದಿರ ತಟ್ಟಿ ಅಡ್ಡ ಇಟ್ಟು ತಾಯಿ ಮರಿ ಎರಡನ್ನೂ ಇಕ್ಕಟ್ಟಿನಲ್ಲಿ ಕೂಡಿಹಾಕು, ಗರ್ಭದ ಮಾಸು ಬಿದ್ದರೆ ಅದನ್ನು ಮರಿಯ ಬೆನ್ನಿಗೆ ಸವರು, ನಾಲ್ಕು ಗಂಟೆಗೊಮ್ಮೆ ತಾಯಿಯನ್ನು ಮೊಣಕಾಲಲ್ಲಿ ಗೋಡೆಗೊತ್ತಿ ಹಿಡಿದು ಗಿಣ್ಣುಹಾಲು ಕುಡಿಸು. "ಕುಡಿಸಿ ಆಚೆ ಬಾ. ಬಾಗಿಲು ಹಾಕು. ಮರಿ ಕೂಗಿದ್ರೂ ಹೋಗಬೇಡ."

ಮರಿ ಕೂಗಿತು. ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿಯೇ ಕೂಗಿತು. ಅವನು ಮೇಜಿನ ಅಂಚು ಹಿಡಿದು ಕುಳಿತ. ಗಡಿಯಾರದ ಮುಳ್ಳು ಅಂಟಿಕೊಂಡಂತೆ ನಿಂತಿತ್ತು. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದ.

ಹೆಂಡತಿಯ ಕೊನೆಯ ತಿಂಗಳುಗಳು ನೆನಪಾದವು. ರಜೆ ಹಾಕಿ ಮನೆಯಲ್ಲೇ ಇದ್ದ. ಐದೈದು ನಿಮಿಷಕ್ಕೆ ಕೋಣೆಯ ಬಾಗಿಲು ತಳ್ಳಿ, ನೀರು ಬೇಕಾ, ಫ್ಯಾನ್ ಹಾಕಲಾ, ದಿಂಬು ಸರಿ ಮಾಡಲಾ ಎಂದು ಕೇಳುತ್ತಿದ್ದ. ಒಂದು ದಿನ ಅವಳು ಕಣ್ಣು ತೆರೆಯದೆ, "ಸ್ವಲ್ಪ ಹೊತ್ತು ಬಾಗಿಲು ಹಾಕ್ಕೊಂಡು ಹೋಗಿ, ನಿದ್ದೆ ಮಾಡ್ತೀನಿ," ಅಂದಿದ್ದಳು. ಅವನಿಗೆ ಅದು ಚುಚ್ಚಿತ್ತು. ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದ್ದ. ಪಾಪ, ಅಷ್ಟು ಬಳಲಿದ್ದವಳೇ ಅವನನ್ನು ಸಮಾಧಾನ ಮಾಡಬೇಕಾಗಿ ಬಂದಿತ್ತು. ಈಗ ಆ ಎರಡು ದಿನಗಳನ್ನು ಯಾರಿಗೆ ಹಿಂದಿರುಗಿಸುವುದು? ಅವನು ಪಾತ್ರೆ ಬಿಟ್ಟು, ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ.

ಮುಂದಿನ ಎರಡು ದಿನ ಹೇಳಿದ ಹೊತ್ತಿಗೆ ಮಾತ್ರ ಹೋದ. ಕಪ್ಪುಕಿವಿಯ ಕುರಿ ಒದ್ದಿತು, ಅವನ ಮೊಣಕಾಲು ಬಾತುಕೊಂಡಿತು. ಮರಿ ಜೋತುಬಿದ್ದು ಕುಡಿಯಿತು. ನಡುವೆ ಬೇರೆ ಕುರಿಗಳು ಈದವು. ಅವನು ಇಲ್ಲದ ಹೊತ್ತಿನಲ್ಲೇ ಹೆಚ್ಚು ಈದವು; ಹೋಗಿ ನೋಡಿದರೆ ಮರಿಗಳು ಆಗಲೇ ಒಣಗಿ ನಿಂತಿರುತ್ತಿದ್ದವು. ಒಂದು ಮರಿ ಮಾತ್ರ ಸತ್ತೇ ಹುಟ್ಟಿತು. ಅದನ್ನು ಬೇಲಿಯಾಚೆ ಹೂಳಿ ಬಂದ.

ಮೂರನೆಯ ಬೆಳಿಗ್ಗೆ ಹತ್ತಕ್ಕೆ ಹೋದವನು ಬಾಗಿಲ ಸಂದಿಯಲ್ಲಿ ನಿಂತುಬಿಟ್ಟ. ಕಪ್ಪುಕಿವಿಯ ಕುರಿ ಗಂಟಲೊಳಗೇ ಏನೋ ಗುನುಗುತ್ತ ಮರಿಯ ಬಾಲದ ಬುಡ ಮೂಸುತ್ತಿತ್ತು. ಮರಿ ಬಾಲ ಅಲ್ಲಾಡಿಸುತ್ತ ತಾನಾಗಿಯೇ ಕುಡಿಯುತ್ತಿತ್ತು. ಯಾರೂ ಹಿಡಿದಿರಲಿಲ್ಲ.

ಒಳಗೆ ಹೋಗಿ ಎರಡರ ತಲೆಯನ್ನೂ ಸವರಬೇಕೆಂದು ಕೈ ತುಡಿಯಿತು. ಅವನು ಚಿಲಕವನ್ನು ಸದ್ದಾಗದಂತೆ ಹಾಕಿದ.

ಅಂಗಳದಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದ. ರಿಂಗ್ ಆಗಿ ಆಗಿ ನಿಂತಿತು. ಇನ್ನೊಮ್ಮೆ ಮಾಡಲು ಹೊರಟವನು, ಮಲಗಿರಬಹುದು, ಮಲಗಲಿ ಎಂದು ಫೋನನ್ನು ಜೇಬಿಗೆ ಹಾಕಿಕೊಂಡ. ಗುಡ್ಡದ ಮೇಲೆ ಒಣಗಾಳಿ ಬೀಸುತ್ತಿತ್ತು. ಒಳ್ಳೆಯ ಸುದ್ದಿ ಇತ್ತು, ಮಧ್ಯಾಹ್ನ ಎರಡಕ್ಕೆ ಕೊಟ್ಟಿಗೆಗೆ ಹೋಗುವವರೆಗೆ ಹೇಳಲು ಯಾರೂ ಇರಲಿಲ್ಲ. ಅವನು ಮನೆಯೊಳಗೆ ಹೋಗಿ ಒಲೆ ಹಚ್ಚಿದ.