ಎರಡನೇ ಸುತ್ತಿನ ವಾಲ್ವು

"ಅದನ್ನ ಎತ್ತಬೇಡ ಮಾರಾಯ್ತಿ, ಇರಲಿ ಬಿಡು," ಎಂದು ಅತ್ತಿಗೆ ಹೇಳುವಷ್ಟರಲ್ಲಿ ನಾದಿನಿ ಆಂಪ್ಲಿಫೈಯರಿನ ಒಂದು ಬದಿಯನ್ನು ಎತ್ತಿಯೂ ಆಗಿತ್ತು, ಅದರ ಭಾರಕ್ಕೆ ಬೆಚ್ಚಿ ಇಳಿಸಿಯೂ ಆಗಿತ್ತು.

"ಅಬ್ಬಬ್ಬಾ! ಒಳಗೇನು ಕಲ್ಲು ತುಂಬಿದ್ದಾನಾ?" ನಾದಿನಿ ಸೊಂಟ ಹಿಡಿದುಕೊಂಡಳು. "ಬಂದೋರಿಗೆ ನಾಲ್ಕು ಕುರ್ಚಿ ಹಾಕೋಣ ಅಂದ್ರೆ ಜಾಗ ಇಲ್ಲ. ಅಣ್ಣ ಬದುಕಿದ್ದಾಗಲೂ ಯಾರನ್ನೂ ಇಲ್ಲಿ ಕೂರೋಕೆ ಬಿಡಲಿಲ್ಲ, ಈಗಲೂ ಬಿಡಲ್ಲ."

ಅಣ್ಣ ಪರದೆಯ ಆಚೆ, ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ರೇಡಿಯೋ ರಿಪೇರಿ ಮಾಡಿಕೊಂಡೇ ಬದುಕು ಕಳೆದ ಅವನನ್ನು ಬೀದಿಯೆಲ್ಲ ವಾಲ್ವಣ್ಣ ಎಂದು ಕರೆಯುತ್ತಿತ್ತು. ರೇಡಿಯೋದೊಳಗೆ ಬಲ್ಬಿನ ಹಾಗೆ ಉರಿಯುವ ಗಾಜಿನ ವಾಲ್ವುಗಳ ಕಾಲ ಮುಗಿಯಿತು, ರೇಡಿಯೋಗಳು ಅಂಗೈಯಷ್ಟಾದವು, ಆಮೇಲೆ ರೇಡಿಯೋಗಳೇ ಮಾಯವಾದವು. ಹೆಸರು ಮಾತ್ರ ಅವನನ್ನು ಬಿಡಲಿಲ್ಲ. ಅವನು ಬೀದಿಗೆಲ್ಲ ಅಣ್ಣನಾದ ಮೇಲೆ ಅವನ ಹೆಂಡತಿ ಬೀದಿಗೆಲ್ಲ ಅತ್ತಿಗೆಯಾದಳು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಅಷ್ಟರಲ್ಲಿ ಕನ್ನಡಕದವನು ಬಂದ. ಮೂಲೆಯ ಕನ್ನಡಕದ ಅಂಗಡಿಯವನು, ವಾಲ್ವಣ್ಣನ ಜೀವದ ಗೆಳೆಯ. ಮಲಗಿದ್ದವನ ಮುಂದೆ ನಿಂತು ತನ್ನ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಆಮೇಲೆ ಪರದೆ ಸರಿಸಿಕೊಂಡು ಒಳಗೆ ಬಂದು ಪ್ಯಾಂಟಿನ ಜೇಬಿನಿಂದ ಒಂದು ಗಂಟು ತೆಗೆದ.

"ಅತ್ತಿಗೆ, ದೊಡ್ಡಪ್ಪ ಚಿಕ್ಕಪ್ಪ ಇಬ್ಬರನ್ನೂ ಕರ್ಕೊಂಡು ಬಂದಿದೀನಿ."

ನಾದಿನಿ ಬಾಗಿಲ ಕಡೆ ನೋಡಿದಳು. "ಯಾರ ದೊಡ್ಡಪ್ಪ?"

ಗಂಟಿನಲ್ಲಿದ್ದದ್ದು ಎರಡು ಗಾಜಿನ ವಾಲ್ವುಗಳು. ಭುಜ ಅಗಲವಾಗಿ ಹೊಟ್ಟೆ ಬಿಟ್ಟುಕೊಂಡಿದ್ದು ದೊಡ್ಡಪ್ಪ. ಸಪೂರವಾಗಿ ನೆಟ್ಟಗಿದ್ದದ್ದು ಚಿಕ್ಕಪ್ಪ. ನಾದಿನಿ ಅವುಗಳನ್ನೂ ಅವನನ್ನೂ ಒಮ್ಮೆ ನೋಡಿ, ಇವನಿಗೂ ತಲೆ ಕೆಟ್ಟಿದೆ ಎಂದುಕೊಂಡು ಕುರ್ಚಿ ಹುಡುಕಲು ಹೊರಗೆ ಹೋದಳು.

"ಕೊನೇ ಸಲ ಹಾಡು ಕೇಳೋಕೆ ಕೂತಾಗ ಎರಡನೇ ಸುತ್ತನ್ನ ನಾನು ಬಾಯಿಗೆ ಬಂದ ಹಾಗೆ ಬೈದೆ," ಎಂದ ಕನ್ನಡಕದವನು. "ಮಡಕೆಯೊಳಗೆ ತಲೆ ಹಾಕಿ ಹಾಡಿದ ಹಾಗಿದೆ ಅಂದೆ. ಅವನು ಮುನಿಸಿಕೊಂಡು ಎದ್ದುಹೋದ. ನನಗೂ ಸಿಟ್ಟು ಬಂತು, ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರಕ್ಕೆ ಅವನೇ ಇಲ್ಲ." ಅವನು ಎರಡನ್ನೂ ಹಲಗೆಯ ಮೇಲಿಟ್ಟ. "ಸುಳ್ಳು ಹೇಳಿದ್ದೆ ಅತ್ತಿಗೆ. ಎರಡನೇದೇ ಚೆನ್ನಾಗಿತ್ತು. ಅವನೂ ಅದನ್ನೇ ಮೆಚ್ಚಿದ್ದ, ಗೆದ್ದುಬಿಡ್ತಾನಲ್ಲ ಅಂತ ಹಟಕ್ಕೆ ಬೈದೆ. ಅವತ್ತು ಎರಡನೇ ಸುತ್ತಿಗೆ ನೀವು ಹಾಕಿದ್ದು ಯಾವುದು ಅಂತ ನಿಮಗೊಬ್ಬರಿಗೇ ಗೊತ್ತು. ಹೇಳಿ. ಅದನ್ನ ಅವನ ಜೇಬಲ್ಲಿಟ್ಟು ಕಳಿಸ್ತೀನಿ. ನಾನು ಸೋತೆ ಅಂತ ಹೇಳಿದ ಹಾಗಾಗತ್ತೆ."

ಅತ್ತಿಗೆ ಆಂಪ್ಲಿಫೈಯರಿನ ಕಡೆ ನೋಡಿದಳು.

*

ಮದುವೆಯಾದ ಹೊಸದರಲ್ಲಿ ವಾಲ್ವಣ್ಣ ಅವಳಿಗೆ ಹೇಳಿಕೊಟ್ಟಿದ್ದ. ಗೋಡೆಯಿಂದ ಬರುವ ಕರೆಂಟು ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಅದನ್ನು ಒಂದೇ ದಿಕ್ಕಿಗೆ ಹರಿಸುವ ವಾಲ್ವಿಗೆ ರೆಕ್ಟಿಫೈಯರ್ ಎನ್ನುತ್ತಾರೆ. "ಹಾಡೋರು ಬೇರೆ ವಾಲ್ವುಗಳು ಕಣೆ. ಇದು ಅಡುಗೆಮನೇಲಿದ್ದುಕೊಂಡು ಅವರಿಗೆಲ್ಲ ಬಡಿಸೋದು. ಬಡಿಸೋ ಕೈ ಹೇಗೋ ಹಾಡೂ ಹಾಗೇ."

ಅಕ್ಷರ ಅಳಿಸಿಹೋದ ಹಳೆಯ ವಾಲ್ವು ಸಿಕ್ಕರೆ ಅವನು ಅದನ್ನು ಬಾಯಿಯ ಹತ್ತಿರ ಹಿಡಿದು ಬಿಸಿಯುಸಿರು ಬಿಡುತ್ತಿದ್ದ. ಮಂಜು ಕವಿದ ಗಾಜಿನ ಮೇಲೆ ಹಳೆಯ ಅಕ್ಷರ ಒಂದು ಗಳಿಗೆ ಮೂಡಿ ಹೋಗುತ್ತಿತ್ತು. "ಊದಿದೋನು ಓದಿಯಾನು," ಎಂದು ನಗುತ್ತಿದ್ದ. ಉಸಿರಿಗೂ ಮೂಡದಿದ್ದರೆ ಬೆಳಕಿಗೆ ಹಿಡಿದು ಒಳಗಿನ ಲೋಹದ ತಟ್ಟೆಯ ಬಣ್ಣ, ತುದಿಯಲ್ಲಿರುವ ಸಣ್ಣ ತಂತಿಯ ಬಳೆ ದುಂಡಗಿದೆಯೋ ಚೌಕವಾಗಿದೆಯೋ ನೋಡಿ ಅದು ಯಾರ ಮನೆಯ ಕೂಸು, ಯಾವ ಕಂಪನಿಯದು ಎಂದು ಹೇಳಿಬಿಡುತ್ತಿದ್ದ.

ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ರೆಕ್ಟಿಫೈಯರುಗಳೇ. ಕೆಳಗಿನ ಪಿನ್ನು ಒಂದೇ ಬಗೆ, ಆದ್ದರಿಂದ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಹುದು. ದೊಡ್ಡಪ್ಪ ಇದ್ದರೆ ದನಿ ತುಂಬಿಕೊಂಡು ಬರುತ್ತದೆ, ಅವಸರ ಇಲ್ಲ ಎಂದು ವಾಲ್ವಣ್ಣನ ವಾದ. ಅವಸರ ಇಲ್ಲದ್ದಲ್ಲ, ಸೋಮಾರಿತನ, ಚಿಕ್ಕಪ್ಪನೇ ಚುರುಕು ಎಂದು ಕನ್ನಡಕದವನ ವಾದ. ತೀರ್ಪಿಗೆ ಒಂದು ದಾರಿ ಕಂಡುಕೊಂಡರು. ಇಬ್ಬರೂ ಪರದೆಯ ಹೊರಗೆ, ಮುಂದಿನ ಕೋಣೆಯಲ್ಲಿ ಸ್ಪೀಕರಿನ ಮುಂದೆ ಕೂರಬೇಕು. ಅತ್ತಿಗೆ ಪರದೆಯ ಒಳಗೆ ಒಂದನ್ನು ಹಾಕಿ ಹಾಡು ಕೇಳಿಸಬೇಕು, ಆಮೇಲೆ ಅದನ್ನು ಕಿತ್ತು ಇನ್ನೊಂದನ್ನು ಹಾಕಬೇಕು. ಯಾವುದು ಮೊದಲು ಎಂದು ಅವಳು ಯಾವತ್ತೂ ಬಾಯಿ ಬಿಡಬಾರದು. ಈ ಕೊನೆಯ ನಿಯಮ ಮಾಡಿದವನು ವಾಲ್ವಣ್ಣ. "ಹೇಳಿಬಿಟ್ರೆ ಮುಂದಿನ ಭಾನುವಾರಕ್ಕೆ ಜಗಳ ಎಲ್ಲಿಂದ ತರೋದು?" ಎಂದಿದ್ದ. ಜೋಡಿಯನ್ನು ಕನ್ನಡಕದವನು ಮನೆಗೆ ಒಯ್ಯಬೇಕೆಂಬ ನಿಯಮ ಕನ್ನಡಕದವನದು. ಇಲ್ಲೇ ಇದ್ದರೆ ವಾಲ್ವಣ್ಣ ವಾರವೆಲ್ಲ ಕೇಳಿ ಕಿವಿ ಪಳಗಿಸಿಕೊಳ್ಳುತ್ತಾನೆ ಎಂಬ ಗುಮಾನಿ.

ಮೊದಲ ಭಾನುವಾರ ಅತ್ತಿಗೆ ಉರಿಯುವ ವಾಲ್ವನ್ನು ಬಟ್ಟೆಯಿಂದ ಹಿಡಿದು ಕೀಳಲು ಹೋಗಿ ಎರಡು ಬೆರಳು ಸುಟ್ಟುಕೊಂಡಳು. ಆ ರಾತ್ರಿ ವಾಲ್ವಣ್ಣ ಬೊಬ್ಬೆಗಳಿಗೆ ಮುಲಾಮು ಹಚ್ಚಿ, ಆರುವ ತನಕ ಕಾಯಬೇಕು ಕಣೆ ಎಂದ. ಎರಡನೇ ಭಾನುವಾರ ಕಾದಳು. ಹೊರಗಿನಿಂದ "ಆಯ್ತಾ? ಆಯ್ತಾ?" ಎಂದು ಇಬ್ಬರೂ ಜೀವ ತಿಂದರು. ಮೂರನೆಯ ಸಲ ಅವಳಿಗೆ ರೇಗಿಹೋಯಿತು. ಆಂಪ್ಲಿಫೈಯರಿನಲ್ಲಿ ಮೊದಲೇ ಕೂತಿದ್ದ ದಿನಬಳಕೆಯ ಹಳೇ ವಾಲ್ವನ್ನು ಮುಟ್ಟಲೇ ಇಲ್ಲ. ಸ್ವಿಚ್ಚು ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ದೊಡ್ಡಪ್ಪ, ಚಿಕ್ಕಪ್ಪ ಹಲಗೆಯ ಮೇಲೆ ತಣ್ಣಗೆ ಮಲಗಿದ್ದರು.

"ಆಹಾ!" ಎಂದ ಕನ್ನಡಕದವನು ಹೊರಗಿನಿಂದ. "ಕೇಳಿದ್ಯಾ? ಭೂಮಿಗೂ ಆಕಾಶಕ್ಕೂ ಇರೋ ವ್ಯತ್ಯಾಸ!"

ಅತ್ತಿಗೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡಳು. ಮುಂದಿನ ವಾರ ಇಬ್ಬರೂ ಅಷ್ಟು ಖುಷಿಯಾಗಿ ಕಚ್ಚಾಡಿದರು ಎಂದರೆ ಹೇಳಲು ಮನಸ್ಸು ಬರಲಿಲ್ಲ. ಹಾಗೇ ವರ್ಷಗಳಾದವು, ಕೂದಲು ಬೆಳ್ಳಗಾಯಿತು, ನಗು ಹೋಗಿ ಹೆದರಿಕೆ ಉಳಿಯಿತು.

*

"ಹೇಳಿ ಅತ್ತಿಗೆ. ಗಾಡಿ ಬರೋ ಹೊತ್ತಾಯ್ತು."

ದೊಡ್ಡಪ್ಪ ಎಂದುಬಿಟ್ಟರೆ ಮುಗಿಯುತ್ತಿತ್ತು. ಬಾಯಿಯವರೆಗೂ ಬಂತು. ಆದರೆ ಪರದೆಯ ಸಂದಿಯಲ್ಲಿ ಗಂಡನ ಪಾದಗಳು ಕಾಣುತ್ತಿದ್ದವು. ಎಲ್ಲಾ ಬಿಟ್ಟು ಇವತ್ತೂ ಅವನ ಜೇಬಿಗೆ ಸುಳ್ಳು ಹಾಕಿ ಕಳಿಸಲು ಅವಳ ಕೈಲಾಗಲಿಲ್ಲ.

"ಯಾವುದೂ ಅಲ್ಲ," ಎಂದಳು.

"ಅಂದ್ರೆ?"

"ನಾನು ಯಾವುದನ್ನೂ ಹಾಕ್ತಿರಲಿಲ್ಲ. ಅವತ್ತೂ ಅಷ್ಟೇ, ಅದಕ್ಕೆ ಮುಂಚೆಯೂ ಅಷ್ಟೇ. ಕೈ ಸುಡತ್ತೆ ಅಂತ ಸುಮ್ನೆ ಸ್ವಿಚ್ಚು ಆರಿಸಿ ಹಾಕ್ತಿದ್ದೆ. ನೀವಿಬ್ಬರೂ ಕೇಳಿದ್ದೆಲ್ಲ ಅದರಲ್ಲೇ ಇರೋ ಹಳೇದು." ಅವಳ ಕಣ್ಣು ತುಂಬಿತು. "ಬೈಯೋದಿದ್ರೆ ಬೈದುಬಿಡಿ. ಅವರಿಗೆ ಹೇಳೋಕಾಗಲೇ ಇಲ್ಲ."

ಕನ್ನಡಕದವನು ಬೈಯಲಿಲ್ಲ. ಮಗುವಿನ ತಪ್ಪು ಲೆಕ್ಕ ತಿದ್ದುವವನ ಹಾಗೆ ತಲೆಯಾಡಿಸಿದ.

"ದುಃಖದಲ್ಲಿ ಏನೋ ಹೇಳ್ತಿದೀರಿ. ಹಾಕ್ತಿದ್ರಿ ಅತ್ತಿಗೆ. ಟೀ ಕುಡಿದು ಹೊರಡೋವಾಗ ಅವನು ಇವನ್ನ ನನ್ನ ಜೇಬಿಗೆ ಹಾಕಿದ್ರೆ ತೊಡೆ ಚುರ್ ಅಂತಿತ್ತು. ಮನೆ ಮುಟ್ಟೋ ತನಕ ಬಿಸಿ ಇರ್ತಿತ್ತು. ಹಾಕದೇ ಇದ್ರೆ ಬಿಸಿ ಎಲ್ಲಿಂದ ಬರತ್ತೆ?"

ಅತ್ತಿಗೆ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು.

*

ವಾರವೆಲ್ಲ ಅಡುಗೆಮನೆಯ ಹೊಸ್ತಿಲು ತುಳಿಯದ ಗಂಡ ಭಾನುವಾರ ಹಾಡು ಮುಗಿದ ಕೂಡಲೇ ಒಲೆಯ ಮುಂದೆ ಹಾಜರಾಗುತ್ತಿದ್ದ. "ನೀನು ಹೋಗಿ ಲೋಟ ಜೋಡಿಸು. ಟೀ ನಾನು ನೋಡ್ಕೋತೀನಿ." ಅವಳಿಗೆ ಬೆನ್ನು ತಿರುಗಿಸಿ, ಪಾತ್ರೆಯ ಮುಚ್ಚಳದ ಮೇಲೆ ಬಗ್ಗಿಕೊಂಡು ನಿಲ್ಲುತ್ತಿದ್ದ. ಪ್ರತಿ ಸಲವೂ ಟೀ ಉಕ್ಕುತ್ತಿತ್ತು. "ನೋಡ್ಕೊಳ್ಳೋದಂದ್ರೆ ಇದೇನಾ?" ಎಂದು ಅವಳು ಒಲೆ ಒರೆಸುತ್ತ ರೇಗುತ್ತಿದ್ದಳು. ಅವನು ಕೈಗಳನ್ನು ಕರವಸ್ತ್ರದ ಸಮೇತ ಹಿಂದಕ್ಕೆ ಕಟ್ಟಿಕೊಂಡು ನಗುತ್ತಿದ್ದ.

ಸ್ವಿಚ್ಚಿನ ಸದ್ದು ಕೇಳಿಯೇ ರೇಡಿಯೋದ ರೋಗ ಹೇಳುತ್ತಿದ್ದವನು ಅವನು. ತಣ್ಣಗಿನ ವಾಲ್ವು ಬಿಸಿಯೇರುವ ತನಕ ಹಾಡು ಶುರುವಾಗುವುದಿಲ್ಲ, ಆದರೆ ಎರಡನೇ ಸುತ್ತು ಸ್ವಿಚ್ಚು ಹಾಕಿದ ಕೂಡಲೇ ಶುರುವಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲವೇ?

*

"ಅವರೇ ಬಿಸಿ ಮಾಡ್ತಿದ್ರು," ಎಂದಳು ಅತ್ತಿಗೆ. "ಟೀ ಪಾತ್ರೆ ಮೇಲೆ. ನಾನು ನಿಮ್ಮ ಕೈಗೆ ಸಿಕ್ಕಿಬೀಳಬಾರದು ಅಂತ. ಅವರಿಗೆ ಮೊದಲಿಂದಲೂ ಗೊತ್ತಿತ್ತು. ಕಳ್ಳ! ಒಂದು ಮಾತು ಹೇಳಲಿಲ್ಲ ನೋಡಿ ನನಗೆ."

ಕನ್ನಡಕದವನು ಆಂಪ್ಲಿಫೈಯರಿನಿಂದ ಆ ಹಳೆಯ ವಾಲ್ವನ್ನು ಅಲುಗಿಸಿ ಅಲುಗಿಸಿ ಕಿತ್ತ. ಧೂಳು ಒರೆಸಿ ಬಿಸಿಯುಸಿರು ಬಿಟ್ಟ. ಒಂದಕ್ಷರವೂ ಮೂಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದ.

"ತಟ್ಟೆ ನೋಡಿದ್ರೆ ಚಿಕ್ಕಪ್ಪನ ಕಡೆಯೋನು. ಬಳೆ ನೋಡಿದ್ರೆ ಯಾರ ಕಡೆಯೋನೂ ಅಲ್ಲ. ಹೆಸರಿಲ್ಲ, ಕುಲವಿಲ್ಲ. ಈ ಬಡಪಾಯಿಯನ್ನಾ ನಾನು ಇಷ್ಟು ವರ್ಷ ಒಂದು ಸುತ್ತು ಹೊಗಳಿ ಒಂದು ಸುತ್ತು ಬೈದಿದ್ದು? ಅವನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡನಾ?"

ನಗು ಅವನ ಹೊಟ್ಟೆಯಿಂದ ಎದ್ದು ಬಂತು. ತಡೆಯಲು ನೋಡಿದ, ಆಗಲಿಲ್ಲ. ಅತ್ತಿಗೆಯೂ ನಕ್ಕಳು. ನಾದಿನಿ ಪರದೆ ಸರಿಸಿ, "ಹೆಣ ಹೊರಡೋ ಹೊತ್ತಲ್ಲಿ ಏನ್ರೀ ಇದು!" ಎಂದು ಗದರುವಷ್ಟರಲ್ಲಿ ಕನ್ನಡಕದವನು ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಹಳೆಯ ವಾಲ್ವನ್ನು ಅತ್ತಿಗೆ ತಾನೇ ಗಂಡನ ಅಂಗಿಯ ಜೇಬಿಗೆ ಇಟ್ಟಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಎಲ್ಲರೂ ಎದ್ದರು. ಅವಳು ಮಾತ್ರ ದೊಡ್ಡಪ್ಪ ಚಿಕ್ಕಪ್ಪನನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಂದವರಿಗೆಂದು ಇಟ್ಟಿದ್ದ ಟೀ ಒಲೆಯ ಮೇಲೆ ಕುದಿಯುತ್ತಿತ್ತು. ಎರಡನ್ನೂ ಪಾತ್ರೆಯ ಮುಚ್ಚಳದ ಮೇಲಿಟ್ಟಳು.

"ಅತ್ತಿಗೆ, ಬನ್ನಿ, ಎತ್ತುತ್ತಾ ಇದಾರೆ!" ನಾದಿನಿ ಕೂಗಿದಳು.

"ಬಂದೆ. ಒಂದು ನಿಮಿಷ ತಾಳಿ."

ಗಾಡಿ ನಿಧಾನವಾಗಿ ಬೀದಿಗಿಳಿಯಿತು. ಹಿಂದೆ ಜನ ನಡೆದರು. ಎಲ್ಲರಿಗಿಂತ ಮುಂದೆ ಕನ್ನಡಕದವನಿದ್ದ. ಒಂದು ಕೈಯಿಂದ ಜೇಬನ್ನು ತೊಡೆಯಿಂದ ಅಷ್ಟು ದೂರ ಎಳೆದು ಹಿಡಿದುಕೊಂಡು, ಒಂದು ಕಾಲನ್ನು ಓರೆಯಾಗಿ ಇಡುತ್ತ, ಚುರುಗುಟ್ಟಿದಾಗಲೆಲ್ಲ ಸಣ್ಣಗೆ ಹಾರಿ ಬೀಳುತ್ತ ನಡೆಯುತ್ತಿದ್ದ.