ಕೆಜೈಯಾ ಸಾಕಿದ ಮಗಳು

ಸೈಲಸ್ ಪ್ರೂವಿಟ್‌ನ ಗೋರಿಕಲ್ಲಿನ ಮೇಲಿದ್ದ ಇಸವಿ ನೋಡಿ ನನಗೆ ದಿಗಿಲಾಯಿತು. ನಮ್ಮ ಮುತ್ತಜ್ಜ ಎಂದು ನಾವು ನಂಬಿದ್ದ ಈತ ಸತ್ತು ಒಂದೂವರೆ ವರ್ಷದ ಮೇಲೆ ನನ್ನ ಅಜ್ಜಿ ಡಾರ್ಕಸ್ ಹುಟ್ಟಿದ್ದಳು. ಹಾಗಾದರೆ ಮುತ್ತಜ್ಜಿ ಕೆಜೈಯಾ ಅವಳನ್ನು ಹೆತ್ತದ್ದು ಯಾರಿಗೆ? ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಜ್ಜಿಯನ್ನೇ ಕೇಳಿದೆ.

"ಹೆರಲಿಲ್ಲ ಕಣೇ, ಸಾಕಿದ್ದು. ಅವಳು ನಂಗೆ ಸೋದರತ್ತೆ," ಎಂದಳು ಅಜ್ಜಿ. "ನಮ್ಮಪ್ಪನ್ನ ಕೊಂದವಳೂ ಅವಳೇ."

ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಕಾಲಕ್ಕೆ ನಮ್ಮ ಮಿಸೌರಿಯಲ್ಲಿ ಒಂದೇ ಮನೆಯವರು ಎರಡು ಕಡೆ ಸೇರಿದ್ದರು. ಸೈಲಸ್ ಉತ್ತರದವರ ಪರ. ಕೆಜೈಯಾಳ ತಮ್ಮ ಹಾರ್ಲನ್ ದಕ್ಷಿಣದ ಪರವಾಗಿ ಕೊಳ್ಳೆ ಹೊಡೆಯುವ ಕುದುರೆ ದಂಡಿನಲ್ಲಿದ್ದ. ಒಂದು ಮಧ್ಯಾಹ್ನ ಆ ದಂಡು ಅಕ್ಕನ ಅಂಗಳಕ್ಕೇ ಬಂತು. ಗಂಡ ಮನೆಯಲ್ಲಿಲ್ಲ ಎಂದಳು ಕೆಜೈಯಾ. ನಾಯಕ ಅವಳ ಹಣೆಗೆ ಪಿಸ್ತೂಲು ಇಟ್ಟ. ಆಗ ಹಾರ್ಲನ್ ಮುಸುಕಿನ ಜೋಳದ ಕಣಜದತ್ತ ಕೈ ತೋರಿಸಿದ. ಅದನ್ನು ಭಾವನ ಜೊತೆ ನಿಂತು ಕಟ್ಟಿದವನು ಅವನೇ.

ಸೈಲಸ್‌ನನ್ನು ಆ ಕಣಜದೊಳಗಿಂದ ಕೂದಲು ಹಿಡಿದು ಎಳೆತಂದು, ಮಂಡಿಯೂರಿಸಿ, ಮುಖಕ್ಕೇ ಗುಂಡು ಹೊಡೆದರು. ಕೆಜೈಯಾ ಸೌದೆ ಕೊರಡಿಗೆ ಕಚ್ಚಿಸಿದ್ದ ಕೊಡಲಿ ಕಿತ್ತುಕೊಂಡು ತಮ್ಮನ ಮೇಲೆ ಬೀಸಿದಳು. ಅದು ಎಡಭುಜದ ಮೂಳೆ ಸೀಳಿ ನಿಂತಿತು. ದಂಡಿನವರು ನಕ್ಕರು. ಅಕ್ಕ-ತಮ್ಮನ ಜಗಳದಲ್ಲಿ ನಮಗೇನು ಕೆಲಸ ಎಂದ ನಾಯಕ. ಹಾರ್ಲನ್‌ನನ್ನು ಕುದುರೆಗೆ ಕಟ್ಟಿ, ಮನೆಗೆ ಬೆಂಕಿ ಇಟ್ಟು ಹೋದರು. ಅವಳು ಗಂಡನ ಹೆಣವನ್ನು ಕಾಲು ಹಿಡಿದು ಉರಿಯಿಂದಾಚೆ ಎಳೆದು, ತಾನೇ ಗುಂಡಿ ತೋಡಿ ಹೂತಳು.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಹಾರ್ಲನ್ ಗಾಡಿ ಕಟ್ಟಿಕೊಂಡು ಬಂದ. ಎಡಗೈ ಸತ್ತು ಜೋತಾಡುತ್ತಿತ್ತು. ಹೆಂಡತಿ ಜ್ವರದಲ್ಲಿ ತೀರಿಕೊಂಡಿದ್ದಳು. ಪಕ್ಕದಲ್ಲಿ ಪುಟ್ಟ ಡಾರ್ಕಸ್. ಅಂದು ಕೆಜೈಯಾ ಮತ್ತೆ ಕಟ್ಟಿಕೊಂಡಿದ್ದ ಮನೆಯಲ್ಲಿ ಹಂದಿ ಕಡಿಯುವ ದಿನ. ಅವಳ ಕೈಯಲ್ಲಿ ಹಂದಿಗೆಂದು ಮದ್ದು ತುಂಬಿದ ಕೋವಿ ಇತ್ತು.

"ನಿನ್ನ ಉಳಿಸೋಕೆ ತೋರಿಸ್ದೆ ಅಕ್ಕಾ," ಎಂದ ಗಾಡಿಯಿಂದ ಇಳಿದು.

"ಉಳಿಸು ಅಂತ ನಾನು ಕೇಳಿದ್ನಾ?"

ಅಷ್ಟೇ ಮಾತು. ಅವಳು ಅವನ ಹೊಟ್ಟೆಗೆ ಹೊಡೆದಳು. ಸಾಯಲು ಅವನಿಗೆ ಮಾರನೆಯ ಸಂಜೆಯಾಯಿತು. ಅಷ್ಟು ಹೊತ್ತೂ ಅವಳು ಬಳಿಯೇ ಕೂತು ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಮಗುವಿನ ಗತಿಯೇನು ಎಂದು ಅವನು ಕೇಳಿದಾಗ ಅವಳು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು. ಹಂದಿಗೆ ಇಟ್ಟ ಗುರಿ ತಪ್ಪಿತು ಎಂದು ಅಕ್ಕಪಕ್ಕದವರು ಸಾಕ್ಷಿ ಹೇಳಿದರು. ಆ ಸೀಮೆಯಲ್ಲಿ ಆಗ ಅದಕ್ಕಿಂತ ಹೆಚ್ಚು ಯಾರೂ ಕೆದಕುತ್ತಿರಲಿಲ್ಲ.

ಕೆಜೈಯಾ ಮಗುವಿಗೆ ಉಣ್ಣಿಸಿದಳು, ಹೊಲಿದು ತೊಡಿಸಿದಳು. ಡಾರ್ಕಸ್ ಮಾತ್ರ ಗಾಡಿಯ ಮೇಲಿಂದ ಕಂಡದ್ದನ್ನು ಮರೆಯಲಿಲ್ಲ. ಹದಿನೈದು ತುಂಬಿದ ವರ್ಷ, ಕೆಜೈಯಾ ರೊಟ್ಟಿ ಹಿಟ್ಟು ನಾದುತ್ತಿದ್ದಾಗ, ಅದೇ ಕೋವಿ ಎತ್ತಿ ಅವಳಿಗೆ ಗುರಿಯಿಟ್ಟಳು.

ಕೆಜೈಯಾ ಕೈ ಒರೆಸಿಕೊಂಡು ಎದ್ದು ನಿಂತಳು. "ಹೊಡೆಯೋದಾದ್ರೆ ಎದೆಗೆ ಹೊಡಿ ಮಗಾ. ಹೊಟ್ಟೆಗೆ ಬೇಡ. ನಿಮ್ಮಪ್ಪ ತುಂಬಾ ನರಳ್ದ."

"ಹೊಡೆದುಬಿಟ್ಟೆ," ಎಂದಳು ಅಜ್ಜಿ. ಗುರಿ ತಪ್ಪಿ ಗುಂಡು ಕೆಜೈಯಾಳ ಕಿವಿಯನ್ನು ಹರಿದುಕೊಂಡು ಹೋಗಿ ಬಾಗಿಲಿಗೆ ಬಡಿಯಿತು. ಕುತ್ತಿಗೆ ತುಂಬ ರಕ್ತ. ಕೋವಿ ಬಿಸಾಕಿ, ತನ್ನ ಲಂಗ ಹರಿದು, ಆ ಕಿವಿಯನ್ನು ಒತ್ತಿ ಹಿಡಿದವಳೂ ಡಾರ್ಕಸ್ಸೇ. "ಅಮ್ಮಾ, ಅಲ್ಲಾಡಬೇಡ," ಎಂದಿದ್ದಳಂತೆ. ಹಾಗೆ ಕರೆದದ್ದು ಅದೇ ಮೊದಲು.

ಅದಾದ ಮೇಲೂ ಇಪ್ಪತ್ತು ಚಿಲ್ಲರೆ ವರ್ಷ ಇಬ್ಬರೂ ಒಂದೇ ಸೂರಿನಡಿ ಬಾಳಿದರು. ಹಾರ್ಲನ್‌ನ ಮಾತು ಅವರ ನಡುವೆ ಮತ್ತೆ ಬರಲಿಲ್ಲ. ಕ್ಷಮಿಸಿದೆಯಾ ಎಂದು ಅಜ್ಜಿಯನ್ನು ಕೇಳಿದೆ.

"ಇಲ್ಲ," ಎಂದಳು. "ಆದ್ರೆ ಅವಳು ಸತ್ತಾಗ ನನ್ನಷ್ಟು ಅತ್ತವರು ಯಾರೂ ಇಲ್ಲ."