ಒಲೆ ಹಚ್ಚದ ದಿನ

ನನ್ನ ಬಾಯಿ ದೊಡ್ಡದು ಅಂತ ಶಹಾಬಾದಿನ ನಮ್ಮ ಓಣಿಗೆಲ್ಲ ಗೊತ್ತು. ನಳದ ಮುಂದೆ ಸಾಲು ತಪ್ಪಿಸಿದವಳ ಕೊಡ ಕಿತ್ತು ಪಕ್ಕಕ್ಕಿಟ್ಟವಳು ನಾನು. ಹೆಣ್ಣಾಳಿಗೆ ಕೂಲಿ ಕಡಿಮೆ ಕೊಟ್ಟ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಕಾರ್ಖಾನೆಯ ಮಾಲಕನನ್ನು ಅವನ ಅಳಿಯನ ಎದುರಿಗೇ ಕೇಳಿದವಳೂ ನಾನೇ. ಶಿವಗಂಗಾ ಬಂದಳೆಂದರೆ ಕಟ್ಟೆಯ ಮೇಲಿನ ಗಂಡಸರು ಕಾಲು ಮಡಚಿ ಕೂರುತ್ತಿದ್ದರು. ಅಂಥ ಬಾಯಿಂದ ಈ ವರ್ಷ ಒಂದೇ ಒಂದು ಮಾತು ಹೊರಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣಲು ಏನೂ ಇಲ್ಲ ಅನ್ನುವ ಮಾತು.

ಮನೆಯಲ್ಲಿ ನಾವು ಇಬ್ಬರೇ. ನಾನು ಅರವತ್ತು ದಾಟಿದ ವಿಧವೆ. ಇನ್ನೊಬ್ಬಳು ನನ್ನ ಅತ್ತೆ ಪೀರಮ್ಮ. ಅವಳ ವಯಸ್ಸು ಎಂಬತ್ತೋ ಎಂಬತ್ತೈದೋ, ಅವಳಿಗೇ ಗೊತ್ತಿಲ್ಲ. ಅವಳ ಮಗ, ಅಂದರೆ ನನ್ನ ಗಂಡ, ಕಲ್ಲಿನ ಖಣಿಯಲ್ಲಿ ಸತ್ತು ಬಹಳ ವರ್ಷವಾಯಿತು. ನಮಗೆ ಮಕ್ಕಳಾಗಲಿಲ್ಲ. ಅಂದಿನಿಂದ ನನಗೆ ಅವಳು, ಅವಳಿಗೆ ನಾನು. ಬೇರೆ ಯಾರೂ ಬೇಕಾಗಿರಲೂ ಇಲ್ಲ, ಸುಳ್ಳೇಕೆ ಹೇಳಲಿ.

ಇಬ್ಬರೂ ಆಯುಷ್ಯವೆಲ್ಲ ಪರ್ಸಿ ಕಲ್ಲು ತಿಕ್ಕಿದವರು. ಕಲ್ಲು ನುಣುಪಾಯಿತು, ಜೊತೆಗೆ ನಮ್ಮ ಬೆರಳೂ ನುಣುಪಾದವು. ವೃದ್ಧಾಪ್ಯದ ಪಗಾರ ಕೊಡಲು ಬರುವ ಹುಡುಗನ ಯಂತ್ರ ಯುಗಾದಿ ಆದಮೇಲೆ ಅತ್ತೆಯ ಹೆಬ್ಬೆಟ್ಟು ಹಿಡಿಯಲಿಲ್ಲ. ಒರೆಸಿ ಒತ್ತಿಸಿದ, ಎಣ್ಣೆ ಹಚ್ಚಿ ಒತ್ತಿಸಿದ, ಆಗಲಿಲ್ಲ. ನನ್ನದೂ ಅದೇ ಹಾಡು. ರೇಶನ್ ಅಂಗಡಿಯಲ್ಲೂ ಅದೇ ಹೆಬ್ಬೆಟ್ಟು, ಅಲ್ಲೂ ಅದೇ ಮಾತು. ಕಚೇರಿಗೆ ಹೋದರೆ "ಮುಂದಿನ ತಿಂಗಳು ಬರ್ರಿ" ಅಂದರು. ಮುಂದಿನ ತಿಂಗಳು ಹೋದಾಗಲೂ ಅದನ್ನೇ ಅಂದರು. ಮೊದಲಾದರೆ ಟಂಟಂ ಗಾಡಿ ಹತ್ತಿ ತೆಂಗಳಿ, ಕಾಳಗಿ ಕಡೆ ತೊಗರಿ ಕೊಯ್ಯಲು ಹೋಗುತ್ತಿದ್ದೆ. ಈಗ ಮೊಣಕಾಲು ಮಡಚಿದರೆ ಏಳಲಿಕ್ಕೆ ಒಬ್ಬರು ಕೈ ಕೊಡಬೇಕು. ಅಂಥವಳನ್ನು ಯಾವ ಮೇಸ್ತ್ರಿ ಕರೆಯುತ್ತಾನೆ?

ಹಾಗಂತ ನಮ್ಮ ಓಣಿಯಲ್ಲಿ ಮುದುಕರನ್ನು ಯಾರೂ ಕೇಳುವುದಿಲ್ಲ ಅಂತಲ್ಲ. ನಮ್ಮಲ್ಲಿ ಮುಷ್ಟಿಜೋಳ ಇದೆ. ಪ್ರತಿ ಮನೆಯ ಹೆಂಗಸು ರೊಟ್ಟಿಗೆ ಹಿಟ್ಟು ನಾದುವ ಮುಂಚೆ ಒಂದು ಮುಷ್ಟಿ ಜೋಳ ತೆಗೆದು ಗಡಿಗೆಗೆ ಹಾಕುತ್ತಾಳೆ. ಸೋಮವಾರ ಅದನ್ನೆಲ್ಲ ಕೂಡಿಸಿ, ದುಡಿಯಲಾಗದ ಮುದುಕ ಮುದುಕಿಯರಿಗೆ ಹಂಚುತ್ತೇವೆ. ಹಿಂದೂ ಮುಸಲ್ಮಾನ ಅನ್ನುವುದಿಲ್ಲ. ಇದನ್ನು ಶುರು ಮಾಡಿದವಳು ನಾನು. ಜೋಳಿಗೆ ಹಿಡಿದು ಮನೆಮನೆ ತಿರುಗಿ ಕೂಡಿಸುವವಳೂ ನಾನೇ.

ಅದಕ್ಕೊಂದು ಕಟ್ಟಳೆ ಹಾಕಿದವಳೂ ನಾನೇ. ಯಾರೂ ತನ್ನ ಹೆಸರು ತಾನು ಹೇಳಬಾರದು. ಕೈ ಚಾಚಿದರೆ ಭಿಕ್ಷೆ ಆಗುತ್ತದೆ. ನೆರೆಯವರು ನೋಡಿ, ತಿಳಿದು, ಹೆಸರು ಹೇಳಬೇಕು. ಆಗ ಜೋಳ ಅವರ ಮನೆ ಬಾಗಿಲಿಗೆ ತಾನಾಗಿ ಹೋಗಬೇಕು. ಎಷ್ಟು ಚಂದದ ಕಟ್ಟಳೆ ಅಂತ ಎಲ್ಲರೂ ಹೊಗಳಿದ್ದರು. ನಾನೂ ಉಬ್ಬಿದ್ದೆ.

ಶ್ರಾವಣ ಬರುವ ಹೊತ್ತಿಗೆ ನಮ್ಮ ಹಿಟ್ಟಿನ ಡಬ್ಬಿ ಬರಿದಾಯಿತು. ಹೆಗಲ ಮೇಲೆ ಓಣಿಯವರ ಜೋಳ, ಹೊಟ್ಟೆಯಲ್ಲಿ ನೀರು. ಅತ್ತೆ ಒಮ್ಮೆ ಅಂದೇಬಿಟ್ಟಳು.

"ಶಿವಗಂಗೀ, ಒಂದ್ ಬೊಗಸಿ ತಗೋ. ಯಾರ್ ನೋಡ್ತಾರ?"

"ಸುಮ್ನ ಕುಂದ್ರತ್ತಿ. ಅದು ನಮ್ದಲ್ಲ."

"ಮತ್ಯಾರ್ದು? ಮುದುಕರ್ದು. ನಾ ಏನ್ ಹುಡುಗಿ ಏನು?"

ನಗು ಬಂತು, ಸಿಟ್ಟೂ ಬಂತು. ಆದರೆ ಜೋಳ ಮುಟ್ಟಲಿಲ್ಲ. ಯಾರಾದರೂ ನಮ್ಮ ಹೆಸರು ಹೇಳುತ್ತಾರೆ ಅಂತ ಕಾದೆ. ಯಾರು ಹೇಳುತ್ತಾರೆ? ನಾನು ದಿನಾ ಮುಂಜಾನೆ ತೊಗರಿ ಕಟ್ಟಿಗೆ ಹಚ್ಚಿ, ಬೋಗುಣಿಯಲ್ಲಿ ಬರೀ ನೀರು ಕುದಿಸುತ್ತಿದ್ದೆ. ಪಕ್ಕದ ಮನೆಯ ರಶೀದಾಬೇಗಂ ಗೋಡೆಯಾಚೆಯಿಂದ ಹೊಗೆ ನೋಡುತ್ತಾಳಲ್ಲ, ಅದಕ್ಕೆ. ಒಲೆ ಉರಿಯದ ಮನೆ ಅನ್ನಿಸಿಕೊಳ್ಳಬಾರದು ಅನ್ನುವ ಹಾಳು ಮರ್ಯಾದೆ. ಬೆಂಕಿ ಬೀಳಲಿ ಅದಕ್ಕೆ.

ಆ ಹೊತ್ತಿಗೆ ಮೂಲೆಮನೆಯ ಅಂಬಾರಾಯ ತೀರಿಕೊಂಡ. ನಮ್ಮಲ್ಲಿ ಸತ್ತವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಓಣಿಯವರೇ ಬುತ್ತಿ ಕಟ್ಟಿಕೊಂಡು ಹೋಗಿ ಆ ಮನೆಯವರಿಗೆ ಉಣಿಸುತ್ತಾರೆ. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಖಿಚಡಿ. ಅಂಬಾರಾಯನ ಮನೆಗೆ ಎಷ್ಟು ಬಂತೆಂದರೆ ಉಳಿದದ್ದನ್ನು ದನಕ್ಕೆ ಹಾಕಿದರು. ಹೊರಸನ್ನು ಬಾಗಿಲ ಬಳಿ ಹಾಕಿಸಿಕೊಂಡು ಮಲಗಿದ್ದ ಅತ್ತೆ ಇದನ್ನೆಲ್ಲ ನೋಡಿದಳು.

ಅಂದು ರಶೀದಾ ಮಗಳ ಮನೆಯಿಂದ ಬಂದ ಎರಡು ರೊಟ್ಟಿಯನ್ನು ರುಚಿ ನೋಡಲೆಂದು ಕೊಟ್ಟಿದ್ದಳು. ಒಂದನ್ನು ನೀರಲ್ಲಿ ನೆನೆಸಿ ಅತ್ತೆಯ ಮುಂದೆ ಹಿಡಿದೆ. ಅವಳು ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ನನಗ ಬ್ಯಾಡ. ನೀ ಉಣ್ಣು."

"ಯಾಕ? ಹಲ್ಲು ನೋಯ್ತಾವೇನು?"

"ಹಲ್ಲರ ಎಲ್ಲಿ ಅವ, ನೋಯ್ಲಿಕ್ಕಿ? ನಾ ಇನ್ನ ಉಣ್ಣಂಗಿಲ್ಲ. ಲಗೂನ ಹೋಗ್ತೀನಿ. ನಾ ಹೋದ್ರ ಮೂರ್ ದಿನ ನೀ ಹೊಟ್ಟಿ ತುಂಬ ಉಣ್ತಿ. ಅಂಬಾರಾಯನ ಹೆಂಡತಿ ನೋಡಿದಿಲ್ಲೋ?"

ಬೈದೆ, ಗದರಿದೆ, ಕಾಲು ಹಿಡಿದೆ. ಮಗುವಿಗೆ ಮಾಡಿದ ಹಾಗೆ ತುಟಿಗೆ ಒತ್ತಿದೆ. ಬಾಯಿ ಬಿಚ್ಚಲಿಲ್ಲ. ಆ ಮುದುಕಿಯ ಹಟ ನನಗೆ ಗೊತ್ತು. ಅವಳ ಮಗನಿಗೂ ಅದೇ ಹಟ ಇತ್ತು. ಮರುದಿನವೂ ಬರೀ ನೀರು ಕುಡಿದಳು. ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಬರಲಾರಂಭಿಸಿತು.

ಸೋಮವಾರ ಬಂತು. ಇವತ್ತು ಹೆಸರು ಬರಲೇಬೇಕು ಅಂತ ದೇವರಿಗೆ ಕೈ ಮುಗಿದು ಬಸವಣ್ಣನ ಗುಡಿಯ ಕಟ್ಟೆಗೆ ಹೋದೆ. ಮನೆಗೆ ಜೋಳ ಬಂದರೆ ಅತ್ತೆಯ ಹಟಕ್ಕೆ ಕಾರಣವೇ ಉಳಿಯುವುದಿಲ್ಲ, ಉಣ್ಣುತ್ತಾಳೆ. ಹೆಂಗಸರು ಸುತ್ತ ಕೂತರು. ಅಂಗನವಾಡಿಯ ಸುಮಂಗಲಾ ಕೇಳಿದಳು: "ಈ ವಾರ ಹೊಸಾ ಹೆಸರು ಯಾರ್ದರ ಅದ ಏನ್ರಿ?"

ನಾನು ರಶೀದಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿ ನಕ್ಕಳು. ಯಾರದೋ ಹೆಸರು ಬಂತು, ಆಯಿತು ಅಂದರು. ಸುಮಂಗಲಾ ನನ್ನ ಬೆನ್ನು ತಟ್ಟಿ, "ನಮ್ಮ ಶಿವಗಂಗಕ್ಕನ್ನ ನೋಡಿ ಕಲೀರಿ. ಇಷ್ಟ್ ವಯಸ್ಸಾದ್ರೂ ಅತ್ತೀಗಿ ಬಿಸಿ ಬಿಸಿ ಮಾಡಿ ಹಾಕ್ತಾಳ. ಒಂದ್ ದಿನಾ ಒಲಿ ತಪ್ಪಂಗಿಲ್ಲ" ಅಂದಳು.

ಬಾಯಿ ತೆರೆದೆ. ನನ್ನ ನಾಲಗೆ, ಮಾಲಕನ ಮುಂದೆ ಹೆದರದ ನಾಲಗೆ, ಅಂಗುಳಕ್ಕೆ ಅಂಟಿಕೊಂಡಿತು. ಜೋಳಿಗೆ ಹೆಗಲಿಗೆ ಹಾಕಿ ಹಂಚಲು ಹೋದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮಂಗಳವಾರ ಮುಂಜಾನೆ ಅತ್ತೆ ನೀರೂ ಬೇಡ ಅಂದಳು. ಕೈ ಮುಟ್ಟಿದರೆ ತಣ್ಣಗೆ. ನಾನು ಒಲೆಯ ಮುಂದೆ ಕೂತು ಕಡ್ಡಿಪೆಟ್ಟಿಗೆ ಕೈಗೆ ತಗೊಂಡವಳು ಹಾಗೇ ಕೆಳಗಿಟ್ಟೆ. ಇವತ್ತು ಹಚ್ಚುವುದಿಲ್ಲ. ಹೊಗೆ ಕಾಣದಿದ್ದರೆ ರಶೀದಾ ಯಾಕೆ ಅಂತ ಕೇಳುತ್ತಾಳೆ. ಬಂದು ಒಳಗೆ ನೋಡುತ್ತಾಳೆ. ಬೋಗುಣಿ ನೋಡುತ್ತಾಳೆ. ನಾನು ಏನೂ ಹೇಳಬೇಕಾಗಿಲ್ಲ. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ತಲೆ ಚಚ್ಚಿಕೊಂಡೆ.

ಹೊಸ್ತಿಲ ಮೇಲೆ ಕೂತು ಕಾದೆ. ಬಿಸಿಲು ಅಂಗಳಕ್ಕೆ ಬಂತು. ರಶೀದಾ ಗೋಡೆಯಾಚೆಯಿಂದ ಇಣುಕಿದಳು.

"ಅಕ್ಕಾ, ಯಾಕ ಇವತ್ತ ಒಲಿ ಹಚ್ಚಿಲ್ಲ?"

ನಾನು ಮುಖ ಎತ್ತಿದೆ. ಹೇಳಬೇಕು ಅಂತಲೇ ಎತ್ತಿದೆ. ಅವಳು ಅಷ್ಟು ಅಂತಃಕರಣದಿಂದ ಕೇಳಿದ್ದೇ ತಪ್ಪಾಯಿತು. ದುಃಖ ಉಕ್ಕಿ ಬಂತು, ಸೆರಗು ಬಾಯಿಗೆ ಹಿಡಿದು ಒಳಗಿನ ಹೊರಸಿನ ಕಡೆ ಕೈ ಮಾಡಿದೆ.

"ಯಾ ಅಲ್ಲಾ!" ಅಂದವಳೇ ಸರಿದು ಹೋದಳು.

ಸಮಾಧಾನವಾಯಿತು. ಅವಳಿಗೆ ತಿಳಿಯಿತು ಅಂದುಕೊಂಡೆ. ಒಳಗೆ ಹೋಗಿ ಅತ್ತೆಯ ಕಾಲ ಬಳಿ ಕೂತು, "ಇನ್ನ ಊಟ ಬರ್ತದತ್ತಿ, ಹಟ ಬಿಡು" ಅಂದೆ. ಅವಳು ಕಣ್ಣು ತೆರೆಯಲಿಲ್ಲ.

ಊಟ ಬಂತು. ಮೊದಲು ಅಳುವ ಧ್ವನಿ ಬಂತು. "ಯವ್ವಾ ಪೀರವ್ವಾ, ಹ್ಯಾಂಗ ಹೋದೆವ್ವಾ" ಅಂತ ಎದೆ ಬಡಿದುಕೊಳ್ಳುತ್ತ ಹೆಂಗಸರು ಅಂಗಳ ತುಂಬಿದರು. ಎಲ್ಲರ ಕೈಯಲ್ಲೂ ಬುತ್ತಿ. ರಶೀದಾಳ ಕೈಯಲ್ಲಿ ಖಿಚಡಿಯ ಪಾತೇಲಿ, ಇನ್ನೂ ಹಬೆಯಾಡುತ್ತಿತ್ತು. ಯಾರೋ ಗಂಡಸರನ್ನು ಕರೆಯಲು ಓಡಿದ್ದರು. ಸುಮಂಗಲಾ ಅಳುತ್ತ ಒಳಗೆ ಬಂದು ನನ್ನನ್ನು ತಬ್ಬಿಕೊಂಡಳು.

ಅಷ್ಟರಲ್ಲಿ ಹೊರಸಿನ ಮೇಲಿಂದ ಧ್ವನಿ ಬಂತು. "ಯಾರ್ ಸತ್ತಾರ?"

ಅಳು ನಿಂತುಹೋಯಿತು. ಒಬ್ಬಳು ಕಿರುಚಿ ಹೊರಗೆ ಓಡಿದಳು. ಸುಮಂಗಲಾ ನನ್ನನ್ನು ಬಿಟ್ಟು ಹಿಂದೆ ಸರಿದಳು. ಅವಳ ಮುಖ ಕೆಂಪಾಗಿತ್ತು.

"ಏನಕ್ಕಾ ಇದು? ಜೀವಂತ ಇದ್ದವರ ಮ್ಯಾಲ ಹಿಂಗ ಮಾಡ್ತಾರೇನು? ಓಣಿ ತುಂಬ ಹೇಳಿಬಿಟ್ಟೀವಿ!"

ಆಗ ನನ್ನ ಬಾಯಿ ಬಿಚ್ಚಿತು. ಇಷ್ಟು ದಿನ ಎಲ್ಲಿ ಹೋಗಿತ್ತೋ.

"ನಾ ಏನ್ ಮಾಡೀನೇ? ಒಲಿ ಹಚ್ಚಲಿಲ್ಲ, ಅಷ್ಟೇ ಮಾಡೀನಿ! ಹಚ್ಚಿದ್ರ ಮ್ಯಾಲೇನ್ ಇಡ್ಲಿ, ನನ್ನ ತಲೀನಾ? ನೋಡು ಆ ಡಬ್ಬಿ! ಬೋಗುಣಿ ನೋಡು! ಈ ಮುದುಕಿ ಉಣ್ಣೂದು ಬಿಟ್ಟಾಳ. ಯಾಕ ಗೊತ್ತದೇನು? ತಾ ಸತ್ತ್ರ ನೀವು ಬುತ್ತಿ ತರ್ತೀರಿ, ನಾ ಉಣ್ತೀನಿ ಅಂತ! ಬದುಕಿದ್ದಾಗ ಒಬ್ಬಾಕಿ ಒಂದ್ ತುಣುಕು ರೊಟ್ಟಿ ತಂದೀರೇನು? ಸತ್ತಾಳಂದ ಕೂಡ್ಲೆ ಪಾತೇಲಿ ತುಂಬಿ ಬಂತು!"

ಅಂದಮೇಲೆ ಗೋಡೆ ಹಿಡಿದು ನಿಂತೆ. ರಶೀದಾ ಮೆಲ್ಲಗೆ ಅಂದಳು, "ನಂಗ ಹೇಳಬಾರದಿತ್ತೇನಕ್ಕಾ? ದಿನಾ ಹೊಗಿ ಕಾಣ್ತಿತ್ತು. ನಾ ಹ್ಯಾಂಗ ತಿಳ್ಕೊಳ್ಳಲಿ?"

ಅವಳು ರೊಟ್ಟಿ ಕೊಟ್ಟದ್ದನ್ನೂ ಸಿಟ್ಟಿನಲ್ಲಿ ಮರೆತು ಬೈದಿದ್ದೆ.

ಸುಮಂಗಲಾ ಕಣ್ಣೊರೆಸಿಕೊಂಡಳು. "ಬರೂ ಸೋಮವಾರ ನಾನೇ ಹೆಸರು ಹೇಳ್ತೀನಿ. ತಪ್ಪಸಂಗಿಲ್ಲ" ಅಂದಳು. ಆಮೇಲೆ ಬುತ್ತಿಗಳನ್ನು ನೋಡಿದಳು. ಸತ್ತವರ ಹೆಸರಲ್ಲಿ ಕಟ್ಟಿ ತಂದ ಅನ್ನ ಮನೆಗೆ ತಿರುಗಿ ಒಯ್ಯುವಂತಿಲ್ಲ. ಬದುಕಿದವಳಿಗೆ ಅವಳದೇ ಸಾವಿನ ಅನ್ನ ಉಣಿಸುವುದು ಎಲ್ಲಿಯಾದರೂ ಉಂಟೇ? ಅಪಶಕುನ. "ದನಕ್ಕ ಹಾಕಿ, ಬ್ಯಾರೆ ಮಾಡ್ಕೊಂಡ್ ಬರ್ತೀವಿ" ಅಂದು ಹೆಂಗಸರು ಬುತ್ತಿಗಳನ್ನು ಎತ್ತತೊಡಗಿದರು.

"ಇಡ್ರಿ ಅಲ್ಲೇ," ಅಂದಳು ಅತ್ತೆ.

ಎದ್ದು ಕೂರಲು ನೋಡಿದಳು, ಆಗಲಿಲ್ಲ. ರಶೀದಾ ಓಡಿಬಂದು ಬೆನ್ನಿಗೆ ಕೈ ಕೊಟ್ಟಳು.

"ಬ್ಯಾಡ ಪೀರವ್ವ, ಇದು ಸತ್ತವರ ಬುತ್ತಿ," ಅಂದಳು ಸುಮಂಗಲಾ.

"ಗೊತ್ತದ. ನಂದೇ ಅಲ್ಲ? ಕೊಡ್ರಿ."

ಕೈ ಚಾಚಿದಳು. ನನ್ನ ಕಟ್ಟಳೆ, ಓಣಿಯ ಮರ್ಯಾದೆ ಯಾವುದೂ ಆ ಕೈಗೆ ಬೇಕಾಗಿರಲಿಲ್ಲ. ನಾನು ಪಾತೇಲಿಯಿಂದ ಒಂದು ತುತ್ತು ಖಿಚಡಿ ತೆಗೆದು ಬಾಯಿಗಿಟ್ಟೆ. ಬಾಯಿ ತೆರೆದಳು. ಇಷ್ಟು ದಿನ ಹಟ ಹಿಡಿದು ಮುಚ್ಚಿದ್ದ ಬಾಯಿ. ನುಂಗುವಾಗ ಅವಳ ಗಂಟಲ ನರ ಉಬ್ಬಿತು. ಇನ್ನೊಂದು ತುತ್ತು ನುಂಗಿ, ಹೆಂಗಸರ ಕಡೆ ತಿರುಗಿದಳು.

"ಸೋಮವಾರ ಭಾಳ ದೂರ ಅದವ್ವ. ಮೂರ್ ದಿನ ತರೂ ರಿವಾಜ ಅದಲ್ಲ? ಮೂರ್ ದಿನ ನಾ ಸತ್ತಿರ್ತೀನಿ. ತಗೊಂಬರ್ರಿ."

ಯಾರೂ ನಗಲಿಲ್ಲ. ಹೊರಗೆ ಗಂಡಸರು ಚಟ್ಟಕ್ಕೆ ಬಿದಿರು ತಂದು ಗೋಡೆಗೆ ಒರಗಿಸುತ್ತಿದ್ದರು. ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅತ್ತೆ ಒಂದು ರೊಟ್ಟಿ ಮುರಿದು ನನ್ನ ಕಡೆ ಚಾಚಿದಳು. ಓಣಿಯೆಲ್ಲ ನೋಡುತ್ತಿರುವಾಗ ನಾನು ಅದನ್ನು ತಗೊಂಡು ತಿಂದೆ.